ಪಟ್ಟಿಗೆ ಸೇರದ ಉಡದಾರ

ಹೋಳಿಯ ಬಣ್ಣ ಆಡಿದ ಮರುದಿನ ನಮ್ಮ ಮನೆಯಲ್ಲಿ ಗಂಡಸರ ಉಡದಾರ ಬದಲಿಸುತ್ತಾರೆ. ಅಪ್ಪ ಇರುವತನಕ ಅಪ್ಪನದು, ತಮ್ಮನದು ಎರಡೂ ಬದಲಾಗುತ್ತಿದ್ದವು. ಅಪ್ಪ ತೀರಿದ ಮೇಲೆ ತಮ್ಮನದೊಂದೇ. ಅವ್ವ ಕಪ್ಪು ನೂಲನ್ನು ತೊಡೆಯ ಮೇಲೆ ಹೊಸೆದು, ಅರಿಸಿನ ಸವರಿ, ದೇವರ ಮುಂದೆ ಇಟ್ಟು, ಆಮೇಲೆ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಸೊಂಟಕ್ಕೆ ಕಟ್ಟುತ್ತಿದ್ದಳು. ಹೊಸದನ್ನು ಕಟ್ಟಿದ ಮೇಲೆಯೇ ಹಳೆಯದನ್ನು ಬಿಚ್ಚಬೇಕು. ನಡುವೆ ಒಂದು ಗಳಿಗೆಯೂ ಸೊಂಟ ಬರಿದಾಗಬಾರದು. ಗಂಡಸಿನ ಸೊಂಟ ಬರಿದಾಗುವುದು ಒಂದೇ ಸಲ, ಹೆಣಕ್ಕೆ ಮೈ ತೊಳೆಯುವಾಗ. ಮನೆಯ ಹಿರಿಯನೊಬ್ಬ ಆಗ ಅದನ್ನು ಹರಿಯುತ್ತಾನೆ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಅಪ್ಪ ತೀರಿದ ದಿನ ನೋಡಿ ತಿಳಿದುಕೊಂಡಿದ್ದೆವು.

ಆ ವರ್ಷ ತಮ್ಮನಿಗೆ ಹದಿನೇಳು ತುಂಬಿತ್ತು. ಕಲಬುರಗಿಯಲ್ಲಿ ಐಟಿಐ ಓದುತ್ತಿದ್ದ. ನಾನು ಅದೇ ಊರಿನ ಜಗತ್ ಸರ್ಕಲ್ ಹತ್ತಿರದ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಆಗಲೂ ಅಲ್ಲಿಯೇ ಇದ್ದೆ. ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಅವ್ವ ಹೆದ್ದಾರಿಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ನಮ್ಮೂರ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಅಂದು ಅಂಗಡಿಗೆ ರಜೆ ಇತ್ತು, ಹಾಗಾಗಿ ಮೂವರೂ ಮನೆಯಲ್ಲಿದ್ದೆವು.

ತಲೆಗೆ ಎರಡು ಸಲ ಸೋಪು ಹಚ್ಚಿದ್ದರೂ ಅವನ ಕಿವಿಯ ಹಿಂದೆ ನೇರಳೆ ಬಣ್ಣ ಉಳಿದಿತ್ತು.

"ಯವ್ವಾ, ಜಲ್ದಿ ಕಟ್ಟು. ಹೊರಗ ದೋಸ್ತ ನಿಂತಾನ."

"ನಿಂದರ್ಲಿ. ಹೊಟ್ಟಿ ಒಳಗ ಎಳ್ಕೋ."

"ಹೊಟ್ಟಿ ಎಲ್ಲಿ ಅದ ಎಳ್ಕೊಳ್ಳಾಕ? ನೀ ಉಣ್ಣಾಕ ಹಾಕಿದ್ರ ಅಲ್ಲಾ?"

ಅವ್ವ ಅವನ ಬೆನ್ನಿಗೆ ಒಂದು ಬಾರಿಸಿದಳು. ನಾನು ಒಲೆಯ ಕಡೆಯಿಂದ, "ಮೀಸಿ ಬಂದ ಗಂಡಸಿಗೆ ಅವ್ವ ಉಡದಾರ ಕಟ್ತಾಳ ಅಂತ ನಿನ್ನ ಐಟಿಐದಾಗ ಹೇಳಿ ಬರ್ಲೇನು?" ಎಂದೆ.

"ಹೇಳು ಹೋಗಕ್ಕಾ. ಅವರಿಗೂ ಅವರವ್ವನ ಕಟ್ತಾಳ."

ಅವನ ಉಡದಾರದಲ್ಲಿ ಒಂದು ತಾಮ್ರದ ತಾಯತ ಇತ್ತು. ಮೂರು ವರ್ಷದವನಿದ್ದಾಗ ಜ್ವರ ತಲೆಗೇರಿ ಕೈಕಾಲು ಸೆಟೆದುಕೊಂಡಿದ್ದವು. ಅವ್ವ ಅವನನ್ನು ಎತ್ತಿಕೊಂಡು ದರ್ಗಾಕ್ಕೆ ಓಡಿದ್ದಳು. ಅಲ್ಲಿ ಕೊಟ್ಟ ತಾಯತ. ಪ್ರತಿ ವರ್ಷ ಹಳೆಯ ದಾರದಿಂದ ಹೊಸ ದಾರಕ್ಕೆ ಅದು ದಾಟುತ್ತಿತ್ತು. ಅಂದೂ ದಾಟಿತು. ಅವ್ವ ಮೂರು ಗಂಟು ಹಾಕಿದಳು. ಅವಳ ಗಂಟು ಬಿಚ್ಚಲು ಅವಳ ಹೊರತು ಯಾರಿಗೂ ಬರುತ್ತಿರಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ದೋಸ್ತ ಒಂದು ಮೋಟಾರ್ ಸೈಕಲ್ ಹಿಡಿದು ನಿಂತಿದ್ದ. ಕುಸನೂರ ಕಡೆಯವನು, ತಮ್ಮನಿಗಿಂತ ಮೂರ್ನಾಲ್ಕು ವರ್ಷ ದೊಡ್ಡವನು. ಹೊಸ ಗಾಡಿ. ಟ್ಯಾಂಕಿನ ಮೇಲೆ ಯಾರೋ ಎರಚಿದ ಗುಲಾಲು ಬಿದ್ದಿತ್ತು. ಅವ್ವ ಹೊರಗೆ ಬಂದವಳು ಸೆರಗಿನಿಂದ ಅದನ್ನು ಒರೆಸಿದಳು. "ಇಷ್ಟು ಚಂದ ಗಾಡಿ, ಹೊಲಸ ಮಾಡ್ಯಾರ ನೋಡು" ಎಂದಳು. ದೋಸ್ತ ನಕ್ಕ. ಇಬ್ಬರೂ ಹತ್ತಿ ಕಲಬುರಗಿಯ ಕಡೆ ಹೋದರು. ತಮ್ಮ ಹಿಂದೆ ಕುಳಿತಿದ್ದ. ತಿರುಗಿ ನೋಡಲಿಲ್ಲ. ನೋಡಲು ಕಾರಣವೂ ಇರಲಿಲ್ಲ.

ಅದು ಕದ್ದ ಗಾಡಿ. ರಾತ್ರಿ ಅವನು ಬರಲಿಲ್ಲ, ಫೋನ್ ಬಂದ್ ಇತ್ತು. ಬೆಳಿಗ್ಗೆ ಠಾಣೆಯಿಂದ ದೊಡ್ಡಪ್ಪನಿಗೆ ಕರೆ ಬಂತು. ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ನಮ್ಮ ಪಕ್ಕದ ಮನೆಯಲ್ಲೇ ಇರುವವರು. ನಾನೂ ಅವರೂ ಹೋದೆವು. ಅಲ್ಲಿದ್ದ ಪೊಲೀಸರು ಒರಟಾಗಿ ಮಾತನಾಡಲಿಲ್ಲ.

"ಅರೆಸ್ಟ್ ಅಂತ ಅನ್ನಬ್ಯಾಡ್ರಿ. ಸಣ್ಣ ವಯಸ್ಸಿನಾಂವ. ವಶಕ್ಕ ತಗೊಂಡೀವಿ, ಅಷ್ಟ."

"ಜೈಲಿಗಿ ಹಾಕ್ತೀರೇನ್ರೀ?" ದೊಡ್ಡಪ್ಪ ಕೇಳಿದರು.

"ಇಲ್ರೀ ಯಜಮಾನ್ರ. ಆ ದೊಡ್ಡಾಂವ ಹೋಗ್ತಾನ ಜೈಲಿಗಿ. ನಿಮ್ಮ ಹುಡುಗ ಬಾಲ ನ್ಯಾಯ ಮಂಡಳಿ ಮುಂದ ಹೋಗ್ತಾನ. ಅಲ್ಲಿಂದ ವೀಕ್ಷಣಾಲಯ."

ದೊಡ್ಡಪ್ಪ ಮನೆಗೆ ಬಂದು ಅವ್ವನಿಗೆ, "ಫಿಕರ್ ಮಾಡಬ್ಯಾಡ. ಜೈಲಲ್ಲಂತ. ಮಕ್ಕಳನ್ನ ಇಡೂ ಜಾಗ ಅಂತ" ಎಂದರು. ಅವ್ವ ಅದನ್ನು ನಂಬಿದಳು. ನಾನೂ ನಂಬಿದೆ. ಹಾಗೆ ಹೇಳಿದ್ದು ಸುಳ್ಳೂ ಅಲ್ಲ.

ಆ ಜಾಗ ಎಲ್ಲಿದೆ ಎಂದು ನಾನು ಬರೆಯುವುದಿಲ್ಲ. ಊರ ಗದ್ದಲ ಸ್ವಲ್ಪ ಕಡಿಮೆಯಾಗುವ ಕಡೆ, ಎತ್ತರದ ಗೋಡೆಯ ಹಿಂದೆ ಇದೆ ಎಂದರೆ ಸಾಕು. ನಾವು ಮೊದಲ ಸಲ ಭೇಟಿಗೆ ಹೋದಾಗ ಬಾಗಿಲಲ್ಲಿ ಒಬ್ಬ ಹಿರಿಯ ಕಾವಲುಗಾರರಿದ್ದರು. ಬಿಳಿ ಗಡ್ಡ, ಮೃದು ದನಿ. ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದೆ. ಅವ್ವ ತಂದಿದ್ದ ಬಾಳೆಹಣ್ಣುಗಳನ್ನು ಅವರು ಒಂದೊಂದಾಗಿ ಸುಲಿದು, ಮುರಿದು ನೋಡಿ, ತಟ್ಟೆಯಲ್ಲಿ ಇಟ್ಟರು. ಹೊರಗಿನ ಹಣ್ಣು ಇಡಿಯಾಗಿ ಒಳಗೆ ಹೋಗುವಂತಿಲ್ಲ.

"ಜೈಲಿನಾಗ ಹಿಂಗೇನ್ರೀ ಅಣ್ಣಾ?" ಅವ್ವ ಕೇಳಿದಳು.

"ಯವ್ವಾ, ಜೈಲ್ ಅನಬ್ಯಾಡ. ಒಳಗ ಮೇಡಮ್‌ಗ ಕೇಳಿಸ್ತಂದ್ರ ನನಗ ಬೈತಾರ. ಇದು ವೀಕ್ಷಣಾಲಯ. ಇಲ್ಲಿ ಕೈದಿ ಅನ್ನೂದಿಲ್ಲ, ಮಕ್ಕಳು ಅಂತೀವಿ."

"ಮಕ್ಕಳಿಗಿ ಇಷ್ಟೆತ್ತರ ಗ್ವಾಡಿ ಯಾಕ?"

"ಓಡಿ ಹೋಗ್ತಾರಲ್ಲಾ."

"ಮಕ್ಕಳು ಓಡೂದ ಅಲ್ಲೇನ್ರೀ."

ಕಾಕಾ ನಕ್ಕರು. ಅವ್ವ ನಗಲಿಲ್ಲ.

ಕಾಯುವ ಜಾಗದ ಗೋಡೆಗೆ ಒಂದು ದೊಡ್ಡ ಫಲಕ ಹಾಕಿದ್ದರು. ನನಗೆ ಓದಲು ಬೇರೇನೂ ಇರಲಿಲ್ಲವಾದ್ದರಿಂದ ಅದನ್ನೇ ಓದಿದೆ. ಆಮೇಲೆ ಎಷ್ಟು ಸಲ ಓದಿದೆನೋ. ಆರೋಪಿ ಎನ್ನಬಾರದು, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು ಎನ್ನಬೇಕು. ಅಪರಾಧಿ, ಬಂಧನ, ಶಿಕ್ಷೆ ಎಂಬ ಮಾತುಗಳನ್ನು ಮಗುವಿನ ಎದುರಿಗೆ ಆಡಬಾರದು. ಬ್ಯಾರಕ್ ಅಲ್ಲ, ವಾಸದ ಕೊಠಡಿ. ಮೈ ಹುಡುಕುವುದಕ್ಕೆ ತಪಾಸಣೆ ಎಂಬ ಮಾತಿತ್ತು. ಒಬ್ಬನನ್ನೇ ಕಣ್ಣೆದುರು ಇಟ್ಟು ಕಾಯುವುದಕ್ಕೆ ವಿಶೇಷ ನಿಗಾ. ಮಗುವಿನ ಹೆಸರು, ಊರು, ಶಾಲೆ, ಗುರುತು ಹತ್ತುವ ಏನನ್ನೂ ಎಲ್ಲಿಯೂ ಅಚ್ಚು ಹಾಕಬಾರದು ಎಂಬುದೂ ಇತ್ತು. ಒಳ್ಳೆಯ ಮಾತುಗಳು. ಯಾರೋ ಮಕ್ಕಳ ಮೇಲೆ ಕರುಣೆಯಿಂದ ಕೂತು ಬರೆದವು ಎಂದು ಈಗಲೂ ಅನಿಸುತ್ತದೆ. ಆದರೆ ಆ ಫಲಕವನ್ನು ಓದುವಾಗಲೆಲ್ಲ ನನಗೆ ಅಂಜಿಕೆ ಬರುತ್ತಿತ್ತು. ಕತ್ತಲೆ ಮನೆಯಲ್ಲಿ ಯಾರೋ ಬಹಳ ಮೆಲ್ಲಗೆ ಮಾತನಾಡಿದರೆ ಹೆದರಿಕೆಯಾಗುತ್ತದಲ್ಲ, ಹಾಗೆ.

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಆ ಅಭ್ಯಾಸ ಅಲ್ಲಿಂದ ಬಂದದ್ದು.

ತಮ್ಮನನ್ನು ಮೇಜಿನ ಆಚೆ ಕೂರಿಸಿದ್ದರು. ಕಿವಿಯ ಹಿಂದೆ ಬಣ್ಣ ಇನ್ನೂ ಇತ್ತು. ಅವ್ವ ಕೂರಲಿಲ್ಲ. ನೇರ ಹೋಗಿ, ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ, ಅಂಗಿಯ ಮೇಲಿಂದ ಅವನ ಸೊಂಟ ಮುಟ್ಟಿದಳು. ಅವಳ ಕೈ ಅಲ್ಲೇ ನಿಂತಿತು.

"ಎಲ್ಲಿ ಅದ?"

"ತಗೊಂಡಾರ."

"ಬಿಚ್ಚಿದ್ರೇನು?"

"ಬಿಚ್ಚಾಕ ಬರ್ಲಿಲ್ಲವ್ವಾ, ನಿನ್ನ ಗಂಟು. ಕತ್ರಿ ಹಚ್ಚಿದ್ರು."

ಅವ್ವ ಕೈ ತೆಗೆದಳು. ಊಟ ಸರಿಯಾಗಿ ಕೊಡುತ್ತಾರಾ, ಮಲಗಲು ಹಾಸಿಗೆ ಇದೆಯಾ ಎಂದು ನಾನೇ ಕೇಳಿದೆ. ಕೊಡುತ್ತಾರೆ, ಇದೆ ಎಂದ. ಟಿವಿ ಇದೆಯಂತೆ. ಕ್ಯಾರಂ ಆಡುತ್ತಾರಂತೆ. ಅವನು ಮುರಿದ ಬಾಳೆಹಣ್ಣಿನ ತುಂಡುಗಳನ್ನು ತಿನ್ನುತ್ತಾ ಅವ್ವನನ್ನೇ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು.

ಹೊರಗೆ ಬರುವಾಗ ಕಾಕಾ ತಾವಾಗಿಯೇ ಹೇಳಿದರು. "ತಾಯತದ ಫಿಕರ್ ಬ್ಯಾಡವ್ವಾ. ನಾನ ನನ್ನ ಕೈಲೆ ತಗದು, ಕಾಗದದಾಗ ಸುತ್ತಿ, ವೈಯಕ್ತಿಕ ವಸ್ತುಗಳ ಕವರಿನಾಗ ಹಾಕೀನಿ. ಪಟ್ಟಿಗೂ ಬರಸೀನಿ. ದರ್ಗಾದ್ದು ಅಂತ ನೋಡಿದ ಕೂಡಲೇ ತಿಳೀತು."

"ದಾರ?" ಅವ್ವ ಕೇಳಿದಳು.

"ದಾರ ಏನವ್ವಾ, ದಾರ. ಹುಡುಗ ಮನಿಗಿ ಬಂದ ಮ್ಯಾಲ ಬ್ಯಾರೆ ಕಟ್ಟು."

ಬೆಲ್ಟು, ಬೂಟಿನ ಲೇಸು, ಪೈಜಾಮದ ಲಾಡಿ, ಕೊರಳ ದಾರ, ಸೊಂಟದ ದಾರ ಯಾವುದೂ ಒಳಗಿರಬಾರದು ಎಂದು ಅವರು ತಿಳಿಸಿದರು. ಮಕ್ಕಳ ಸುರಕ್ಷತೆಯ ಸಲುವಾಗಿ. ಎಲ್ಲೋ ಒಂದು ಕಡೆ, ಯಾವುದೋ ಊರಿನಲ್ಲಿ, ಏನೋ ಆಗಿತ್ತಂತೆ. ಏನು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಿಯಮ ತಪ್ಪು ಎಂದು ನಾನು ಅಂದೂ ಅನ್ನಲಿಲ್ಲ, ಇಂದೂ ಅನ್ನುವುದಿಲ್ಲ. ಆದರೆ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು, ಊರು ಹತ್ತಿರ ಬಂದಾಗ ಮೆಲ್ಲಗೆ ಅಂದಳು: "ಜೀವ ಇರೂ ಹುಡುಗಂದು ಹರ್ದಾರ."

ಅಂದಿನಿಂದ ನಮ್ಮ ಮನೆಯಲ್ಲಿ ಅವಳಿಗೆ ಬೇರೆ ಯೋಚನೆ ಇರಲಿಲ್ಲ. ಕೇಸು ಏನಾಗುತ್ತದೆ, ಐಟಿಐ ಏನಾಗುತ್ತದೆ ಎಂದು ದೊಡ್ಡಪ್ಪ ತಲೆ ಕೆಡಿಸಿಕೊಂಡಿದ್ದರು. ಅವ್ವನಿಗೆ ಬೇಕಾದದ್ದು ಒಂದೇ, ಏನಾದರೂ ಆಗುವುದರೊಳಗೆ ಅವನ ಸೊಂಟಕ್ಕೆ ಒಂದು ದಾರ ಬೀಳಬೇಕು. ನಾನು ಅದನ್ನು ಮೂಢನಂಬಿಕೆ ಎಂದು ಒಮ್ಮೆ ಜೋರಾಗಿ ಅಂದೆ. ಅಂದು ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಸ್ವಲ್ಪ ದಿನದ ಮೇಲೆ ಪರಿವೀಕ್ಷಣಾಧಿಕಾರಿ ಮೇಡಮ್ ನಮ್ಮ ಮನೆಗೆ ಬಂದರು. ಹುಡುಗನ ಮನೆ, ಮಂದಿ, ನಡತೆ ನೋಡಿ ಮಂಡಳಿಗೆ ಸಾಮಾಜಿಕ ತನಿಖಾ ವರದಿ ಕೊಡುವುದು ಅವರ ಕೆಲಸ. ನನ್ನ ವಯಸ್ಸಿನವರೇ ಇರಬೇಕು. ಬಿಸಿಲಲ್ಲಿ ಬಂದಿದ್ದರು, ಅವ್ವ ಮಜ್ಜಿಗೆ ಕೊಟ್ಟಳು. ಅವರು ಕೇಳುತ್ತಾ, ಬರೆಯುತ್ತಾ ಹೋದರು.

"ಮಗುವಿನ ಚಟ ಏನರೆ ಅವ ಏನಮ್ಮಾ?"

"ಚಾ ಕುಡೀತಾನ್ರೀ. ದಿನಕ್ಕ ನಾಕ ಸಲ."

"ಅದಲ್ಲಮ್ಮಾ. ಸಿಗರೇಟು, ಗುಟ್ಕಾ?"

"ಗುಟ್ಕಾ ತಿಂದ್ರ ನಾ ಬಿಡ್ತಿದ್ದೆನೇನ್ರೀ?"

"ಮಗು ಮನ್ಯಾಗ ಸಿಟ್ಟಿಗೇಳ್ತದ?"

"ಯಾವ ಮಗು?" ಎಂದಳು ಅವ್ವ. ಆಮೇಲೆ ತಿಳಿದು, "ಅಂವಾ? ಸಿಟ್ಟು ಬಂದ್ರ ಊಟ ಬಿಡ್ತಾನ, ಅಷ್ಟ. ಆಮ್ಯಾಲ ತಾನ ಎದ್ದು ಬುಟ್ಟ್ಯಾಗ ಹುಡಕ್ತಾನ."

ಮೇಡಮ್ ನಕ್ಕರು. ಅವರು ಏಳುವ ಹೊತ್ತಿಗೆ ಅವ್ವ ತನ್ನ ಮಾತು ತೆಗೆದಳು. ಒಂದು ದಾರ ಕಟ್ಟಿಬರಲು ಬಿಡುತ್ತೀರಾ ಎಂದು ಕೇಳಿದಳು. ಮೇಡಮ್ ಪೆನ್ನು ಹಿಡಿದು ಯೋಚಿಸಿದರು. ಬಟ್ಟೆ ಎಂದು ಬರೆಯಲು ಬರುವುದಿಲ್ಲ. ಔಷಧಿಯೂ ಅಲ್ಲ. ಧಾರ್ಮಿಕ ವಸ್ತು ಎನ್ನಬಹುದು, ಆದರೆ ದಾರವಾದ್ದರಿಂದ ಅದು ಮತ್ತೆ ನಿಷೇಧಿತ ವಸ್ತುಗಳ ಕೆಳಗೇ ಬರುತ್ತದೆ. "ನೀವು ಅರ್ಜಿ ಬರ್ದು ಕೊಡ್ರಿ. ನಾ ಮ್ಯಾಲಿನವರಿಗೆ ಕೇಳ್ತೀನಿ. ಇದಕ್ಕ ನಮ್ಮಲ್ಲಿ ಯಾವ ಹೆಸರೂ ಇಲ್ಲಮ್ಮಾ, ಅದಕ್ಕ ತೊಂದ್ರಿ" ಎಂದರು. ನಿಜವಾಗಿ ಸಹಾಯ ಮಾಡಬೇಕೆಂದೇ ಅವರ ಮನಸ್ಸಿನಲ್ಲಿತ್ತು. ನಾನು ಅರ್ಜಿ ಬರೆದೆ. ಉತ್ತರ ಬರಲಿಲ್ಲ.

ಅವ್ವ ಉತ್ತರಕ್ಕೆ ಕಾಯಲೂ ಇಲ್ಲ. ಒಳಗೆ ಲಾಡಿ ಇಲ್ಲದ ಪ್ಯಾಂಟು ಬೇಕು ಎಂದಿದ್ದರಿಂದ ನಾನು ಅಂಗಡಿಯಲ್ಲಿ ಎಲಾಸ್ಟಿಕ್ ಹಾಕಿ ಎರಡು ಪ್ಯಾಂಟು ಹೊಲಿದು ತಂದಿದ್ದೆ. ಭೇಟಿಯ ದಿನ ಬಸ್ಸಿನಲ್ಲಿ ಅವ್ವ ಬಟ್ಟೆಯ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ. ಎದೆಗೆ ಅವಚಿಕೊಂಡು ಕೂತಿದ್ದಳು. ಬಾಗಿಲಲ್ಲಿ ಕಾಕಾ ಪ್ಯಾಂಟಿನ ಸೊಂಟಪಟ್ಟಿಯ ಮೇಲೆ ಬೆರಳು ಹಾಯಿಸಿಕೊಂಡು ಬಂದು ಒಂದು ಕಡೆ ನಿಂತರು.

"ಯವ್ವಾ, ಇದೇನು?"

"ಹೊಲಗಿ."

"ಇದು ಕೌದಿ ಹೊಲಗಿ ಅದ. ನಿನ್ನ ಮಗಳು ಮಷಿನ್ ಮ್ಯಾಲ ಹೊಲದಾಳ, ನಡುವ ಕೌದಿ ಹೊಲಗಿ ಯಾಕ ಬಂತು?"

ಹಳೆ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುವಾಗ ನಮ್ಮ ಕಡೆಯ ಹೆಂಗಸರು ಹಾಕುವ ಉದ್ದುದ್ದ ಹೊಲಿಗೆ ಅದು. ಕುರುಡರೂ ಗುರುತಿಸುತ್ತಾರೆ. ಕಾಕಾ ಎರಡು ಹೊಲಿಗೆ ಬಿಚ್ಚಿ ಬೆರಳು ಹಾಕಿದರು. ಕಪ್ಪು ದಾರ ಹೊರಗೆ ಬಂತು. ಅರಿಸಿನ ಹಸಿಯಾಗಿತ್ತು, ಅವರ ಬೆರಳಿಗೆ ಹತ್ತಿತು.

ಅವರು ತಲೆ ಎತ್ತಿ ಮೇಲೆ ನೋಡಿದರು. "ನನ್ನ ಕಣ್ಣಿಗಿ ಬೀಳಲಿಲ್ಲ ಅಂತ ಒಳಗ ಬಿಡಬಹುದಿತ್ತು, ಯವ್ವಾ. ಮ್ಯಾಲ ಕ್ಯಾಮೆರಾ ಅದ" ಎಂದರು.

"ಅವನ ಸೊಂಟ ಬರಿದಾಗಿದೆ ಅಣ್ಣಾ," ಎಂದಳು ಅವ್ವ, ಶಾಲೆಯ ಪುಸ್ತಕ ಓದಿದಂತೆ ಒಂದೊಂದೇ ಮಾತು ಬಿಡಿಸಿ. ಅವಳು ಹಾಗೆ ಮಾತನಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಆ ಜಾಗದ ಭಾಷೆಯಲ್ಲಿ ಹೇಳಿದರೆ ಕೇಳಿಯಾರು ಎಂದುಕೊಂಡಿದ್ದಳೋ ಏನೋ.

ಕಾಕಾ ವರದಿ ಬರೆಸಿದರು. ಬರೆಸದಿದ್ದರೆ ಅವರ ನೌಕರಿಗೆ ಕುತ್ತು. ಅಂದು ನಮಗೆ ಭೇಟಿ ಸಿಗಲಿಲ್ಲ, ಮುಂದೆಯೂ ಕೆಲವು ಕಾಲ ಸಿಗಲಿಲ್ಲ. ನಮಗೆ ತಿಳಿಸಿದ್ದು ಹೀಗೆ: ಕುಟುಂಬದ ಸಹಕಾರದ ಬಗ್ಗೆ ಮರುಪರಿಶೀಲನೆ ಇದೆ, ಮಗು ವಿಶೇಷ ನಿಗಾದಲ್ಲಿದೆ. ಅದಕ್ಕೆ ಏನೂ ಆಗಿಲ್ಲ, ಗಾಬರಿ ಬೇಡ. ಮೇಲಿಂದ ಮೇಲೆ ಮಂಡಳಿಯ ತಾರೀಖು ಮುಂದೆ ಹೋಯಿತು. ಮಳೆಗಾಲ ಬಂತು. ತೊಗರಿ ಬಿತ್ತಿದರು, ಬೆಳೆಯಿತು. ಅವ್ವ ಹೆದ್ದಾರಿಯ ಬದಿಗೆ ಕೂತು ಹಣ್ಣು ಮಾರುವಾಗ ಗಿರಾಕಿಗಳ ಮಕ್ಕಳ ಸೊಂಟ ನೋಡುತ್ತಿದ್ದಳು. ಅಂಗಿ ಮೇಲೇರಿದ ಸಣ್ಣ ಹುಡುಗರ ಸೊಂಟದಲ್ಲಿ ದಾರ ಕಂಡರೆ ಒಂದು ಹಣ್ಣು ಹೆಚ್ಚು ಹಾಕುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಅವನನ್ನು ಬಿಟ್ಟರು. ಬಿಡುಗಡೆ ಎಂದು ಅಲ್ಲಿ ಯಾರೂ ಅನ್ನಲಿಲ್ಲ. ಪಾಲಕರ ಸುಪರ್ದಿಗೆ ಎಂದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಕಾಕಾ ಕಂದು ಬಣ್ಣದ ಕವರು ತಂದು ಮೇಜಿನ ಮೇಲೆ ಸುರಿದರು. ಬೆಲ್ಟು, ಬಾಚಣಿಗೆ, ಬಸ್ ಪಾಸು, ಕಾಗದದಲ್ಲಿ ಸುತ್ತಿದ ತಾಯತ. ಅವ್ವ ತಾಯತವನ್ನು ತಿರುಗಿಸಿ ನೋಡಿದಳು. ದಾರ ಪೋಣಿಸುವ ತೂತು ಖಾಲಿ ಇತ್ತು.

"ದಾರ ಇಲ್ಲಲ್ಲಾ."

"ಒಳಗ ಇರಬೇಕು. ಇವತ್ತ ಕೋಣಿ ಬಾಗಲ ಹಾಕ್ಯಾರ. ಇನ್ನೊಮ್ಮೆ ಬಂದಾಗ ನೋಡಿ ಕೊಡ್ತೀನವ್ವಾ."

ತಮ್ಮ ಅವ್ವನ ಮೊಣಕೈ ಹಿಡಿದು, "ಇನ್ನೊಮ್ಮೆ ಬ್ಯಾಡ, ನಡಿ" ಎಂದ.

ಮನೆಗೆ ಬಂದವನು ದಪ್ಪಗಾಗಿದ್ದ, ಮೈಬಣ್ಣ ಬಿಳಿಚಿತ್ತು. ಅಲ್ಲಿ ಯಾರೂ ಹೊಡೆದಿಲ್ಲ ಎಂದ. ನಾನು ನಂಬಿದೆ. ಆದರೆ ಬಚ್ಚಲಿಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಅಕ್ಕಾ, ಹೋಗ್ಲೇನು?" ಎಂದು ಕೇಳುತ್ತಿದ್ದ. ದೊಡ್ಡಪ್ಪ ಒಳಗೆ ಬಂದರೆ ತಟ್ಟನೆ ಎದ್ದು ನಿಲ್ಲುತ್ತಿದ್ದ, ಕೈ ಬೆನ್ನ ಹಿಂದೆ. ಬಾಳೆಹಣ್ಣನ್ನು ಸುಲಿದು, ಮುರಿದು, ತಟ್ಟೆಯಲ್ಲಿ ಇಟ್ಟುಕೊಂಡು ತಿನ್ನುತ್ತಿದ್ದ. ದೊಡ್ಡಪ್ಪ ಒಮ್ಮೆ ಚೇಷ್ಟೆ ಮಾಡಿದರು. "ಏನೋ, ಸಾಹೇಬರ ಹಂಗ ಪ್ಲೇಟಿನಾಗ ತಿನ್ನಾಕತ್ತಿ?" ಎಂದರು. ಅವನು ತಟ್ಟೆ ಸರಿಸಿ ಎದ್ದು ಹೋದ. ದೊಡ್ಡಪ್ಪ ಮತ್ತೆ ಅಂಥ ಮಾತು ಆಡಲಿಲ್ಲ.

ಅವನು ಬಂದ ದಿನವೇ ಅವ್ವ ದಾರ ಹಿಡಿದು ನಿಂತಿದ್ದಳು. ಅವನು ಒಪ್ಪಲಿಲ್ಲ. ಮರುದಿನವೂ ಇಲ್ಲ. ಮೂರನೆಯ ಸಲ ಕೇಳಿದಾಗ ಹೇಳಿದ.

"ನಿನ್ನ ದಾರ ಸಿಕ್ಕ ದಿನ ಎಲ್ಲಾರನೂ ಸಾಲಾಗಿ ನಿಂದರ್ಸಿದ್ರವ್ವಾ. ಅಂಗಿ, ಪ್ಯಾಂಟು, ಎಲ್ಲಾ ಬಿಚ್ಚಿಸಿ ನೋಡಿದ್ರು. ಹಾಸಿಗಿ ಎಲ್ಲಾ ಝಾಡಿಸಿದ್ರು. ನನ್ನ ಸಲುವಾಗಿ. ಆಮ್ಯಾಲ ದಿನಾ ರಾತ್ರಿ ಒಬ್ಬಂವಲ್ಲ ಒಬ್ಬಂವ, ಅವ್ವನ ದಾರ ಬಂತೇನೋ, ಅವ್ವನ ದಾರ ಬಂತೇನೋ, ಅಂತಿದ್ರು. ನಿಗಾ ಕೋಣ್ಯಾಗ ಲೈಟ್ ಆರಸೂದಿಲ್ಲ. ನನಗ ಆ ದಾರ ನೋಡಿದ್ರ ಆಗಂಗಿಲ್ಲ."

ಅವ್ವ ದಾರವನ್ನು ಮಡಿಚಿ ದೇವರ ಜಗುಲಿಯ ಮೇಲೆ ಇಟ್ಟಳು. ಅವಳು ಅಳಲಿಲ್ಲ, ಅವನೂ ಅಳಲಿಲ್ಲ. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ, ಬಡಿಯುತ್ತಲೇ ಇದ್ದೆ.

ಚಳಿಗಾಲ ಕಳೆಯುತ್ತಾ ಅವನು ಸ್ವಲ್ಪ ಸಡಿಲಾದ. ಎಳ್ಳ ಅಮಾವಾಸ್ಯೆಗೆ ದೊಡ್ಡಪ್ಪನ ಹೊಲಕ್ಕೆ ಹೋದಾಗ ಭಜ್ಜಿ ರೊಟ್ಟಿ ಎರಡು ಸಲ ಹಾಕಿಸಿಕೊಂಡ. ಹದಿನೆಂಟು ತುಂಬಿತು. ಐಟಿಐ ಮುಂದಿನ ವರ್ಷಕ್ಕೆ ಎಂದು ಬಿಟ್ಟು ಅವ್ವನ ಜೊತೆ ಹೆದ್ದಾರಿಗೆ ಹೋಗತೊಡಗಿದ. ಹುಮನಾಬಾದ್ ಕಡೆಯ ಬಸ್ಸು ನಿಂತರೆ ಹಣ್ಣಿನ ಚಿಪ್ಪು ಎತ್ತಿಕೊಂಡು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದ. ಅವನು ಓಡುವುದನ್ನು ನೋಡಿ ಅವ್ವನಿಗೆ ಹಿಗ್ಗು. ಒಂದು ಸಂಜೆ ತಾನಾಗಿಯೇ ಅಂದ:

"ಹೋಳಿಗಿ ಕಟ್ಟು, ಬಿಡು. ಎಲ್ಲಾರೂ ಕಟ್ಕೊಳ್ಳೂ ದಿನ ಕಟ್ಟು."

ಅವ್ವ ಅಂದೇ ಹೊಸ ನೂಲು ತಂದಳು. ನೂಲು ಹೊಸೆಯುವಾಗ ಅವಳು ಹಾಡು ಗುನುಗಿದ್ದನ್ನು ನಾನು ಕೇಳಿದೆ. ಆ ದಿನಗಳಲ್ಲಿ ನನಗೆ ಮಾತ್ರ ಯಾಕೋ ಸಮಾಧಾನ ಇರಲಿಲ್ಲ. ಅಂಗಡಿಯಲ್ಲಿ ಕತ್ತರಿ ಎತ್ತಿಕೊಂಡರೆ ಎರಡೂ ಅಲಗು ಕೂಡುವ ಸದ್ದಿಗೆ ಬೆಚ್ಚುತ್ತಿದ್ದೆ.

ಹೋಳಿಗೆ ಇನ್ನು ಕೆಲವೇ ದಿನ ಇದ್ದಾಗ, ಮಧ್ಯಾಹ್ನ, ಒಂದು ಬಸ್ಸಿನ ಕಿಟಕಿಗೆ ಹಣ್ಣು ಕೊಟ್ಟು ಹಿಂದೆ ಸರಿದವನಿಗೆ ಅತ್ತಲಿಂದ ಬಂದ ಟ್ಯಾಂಕರ್ ಬಡಿಯಿತು. ಅವ್ವ ಬುಟ್ಟಿಯ ಹತ್ತಿರ ಕೂತಿದ್ದಳು. ನಾನು ಅಂಗಡಿಯಲ್ಲಿದ್ದೆ. ದೊಡ್ಡಪ್ಪ ಫೋನ್ ಮಾಡಿ, "ನೀ ಮೊದಲು ಬಸ್ ಹತ್ತು" ಎಂದರು. ಬಸ್ಸಿನ ಕಿಟಕಿಯಿಂದ ರಸ್ತೆಯ ಮೇಲೆ ಜಜ್ಜಿಹೋದ ಕೆಂಪು ಸಿಪ್ಪೆಗಳು ಕಂಡವು. ನನಗೆ ಅಷ್ಟು ಸಾಕಾಯಿತು.

ಮರುದಿನದ ಪತ್ರಿಕೆಯಲ್ಲಿ ಅವನ ಹೆಸರು ಬಂತು. ಹೆಸರು, ತಂದೆಯ ಹೆಸರು, ವಯಸ್ಸು, ಊರು, ಎಲ್ಲ. ಹದಿನೆಂಟು ತುಂಬಿದ್ದರಿಂದ ಈಗ ಮುಚ್ಚಿಡುವ ಕಾರಣ ಇರಲಿಲ್ಲ. ಅವನ ಹೆಸರು ಅಚ್ಚಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಅಂಗಳದಲ್ಲಿ ಸೀರೆಯ ಮರೆ ಕಟ್ಟಿ ಮೈ ತೊಳೆದರು. ನಾನೂ ಅವ್ವನೂ ಈಚೆ ಇದ್ದೆವು. ನೀರು ಹುಯ್ಯುವ ಸದ್ದು ನಿಂತಿತು. ದೊಡ್ಡಪ್ಪನ ಕೈಯಲ್ಲಿ ಬ್ಲೇಡು ಇರುವುದು ಸೀರೆಯ ಸಂದಿಯಿಂದ ನನಗೆ ಕಾಣುತ್ತಿತ್ತು. ಅವರು ಬಾಗಿದರು. ಹುಡುಕಿದರು. ಮತ್ತೆ ನೆಟ್ಟಗಾದರು.

"ಉಡದಾರ ಇಲ್ಲಲ್ಲಾ ಇವನಿಗಿ" ಎಂದರು, ಯಾರಿಗೂ ಅಲ್ಲದಂತೆ.

ಯಾರೋ ಒಬ್ಬರು, ಹೊಸದೊಂದು ಕಟ್ಟಿ ಹರಿದರಾಯಿತು, ಶಾಸ್ತ್ರಕ್ಕೆ, ಎಂದರು. ದೊಡ್ಡಪ್ಪನಿಗೂ ಅದು ಸರಿ ಅನಿಸಿತು. "ತಂಗೀ, ಮನ್ಯಾಗ ದಾರ ಅದ ಏನು?" ಎಂದು ಈಚೆ ಕೇಳಿದರು.

ದಾರ ಇತ್ತು. ಹೊಸೆದು, ಅರಿಸಿನ ಸವರಿ, ಹೋಳಿಗೆಂದು ಜಗುಲಿಯ ಮೇಲೆ ಇಟ್ಟಿತ್ತು. ನಾನು ಏಳಲು ಹೋದೆ. ಅವ್ವ ನನ್ನ ಸೆರಗು ಹಿಡಿದು ಕೂರಿಸಿದಳು.

"ಒಮ್ಮೆ ಹರ್ದಾರ ಅವಂದು," ಎಂದಳು. "ಎರಡನೇ ಸಲ ಹರಿಯಾಕ ನಾ ಕೊಡೂದಿಲ್ಲ."

ಹಾಗೆಯೇ ಮಣ್ಣು ಕೊಟ್ಟೆವು.

ಅವ್ವನಿಗೆ ಈಗ ಬೇಕಾದದ್ದು ಆ ಹಳೆಯ ದಾರ. ಹರಿದ ಉಡದಾರ ಹೆಣದ ಜೊತೆಗೇ ಮಣ್ಣಿಗೆ ಹೋಗಬೇಕು. ಅವನದು ಹೋಗಿಲ್ಲ, ಎಲ್ಲೋ ಮೇಲೆ ಉಳಿದಿದೆ. ಅದು ಸಿಗುವತನಕ ಅವನಿಗೆ ಆ ಗೋಡೆಯ ಒಳಗಿಂದ ಬರಲು ಆಗುವುದಿಲ್ಲ ಎಂದೇ ಅವಳ ಲೆಕ್ಕ. ನಾನು ಈಗ ಅದಕ್ಕೆ ಮೂಢನಂಬಿಕೆ ಎನ್ನುವುದಿಲ್ಲ.

ದಿನಕರ್ಮ ಮುಗಿದ ಮೇಲೆ ನಾನೊಬ್ಬಳೇ ಆ ಎತ್ತರದ ಗೋಡೆಯ ಬಾಗಿಲಿಗೆ ಹೋದೆ. ಕಾಕಾ ನನ್ನನ್ನು ನೋಡಿ ಎದ್ದು ನಿಂತರು. ಅವರಿಗೆ ಸುದ್ದಿ ತಿಳಿದಿತ್ತು, ಪತ್ರಿಕೆಯಲ್ಲಿ ಹೆಸರು ಓದಿದ್ದರು. ಕುರ್ಚಿ ಕೊಟ್ಟು, ನೀರು ತರಿಸಿ, ನಾನು ಬಂದ ಕಾರಣ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ನನಗ ತಿಳೀಲಿಲ್ಲ ಮಗಾ. ತಾಯತ ಅಷ್ಟ ದೊಡ್ಡದು ಅಂತ ತಿಳದೆ. ದಾರ ಅಂದ್ರ ನಿಮ್ಮಲ್ಲಿ ಇಷ್ಟು ಅದ ಅಂತ ನನಗ ಯಾರ ಹೇಳ್ಬೇಕು? ನಿಮ್ಮವ್ವ ಕೇಳಿದ್ಲು. ದಾರ ಏನವ್ವಾ, ದಾರ, ಅಂದೆ ನಾನು."

ಆ ಜಾಗವನ್ನು ನೋಡಿಕೊಳ್ಳುವ ಒಳಗಿನ ಮೇಡಮ್ ಕೂಡ ಬಂದರು. ಪಟ್ಟಿ ತೆಗೆಸಿ ತೋರಿಸಿದರು. ಬೆಲ್ಟು ಒಂದು, ಬಾಚಣಿಗೆ ಒಂದು, ಬಸ್ ಪಾಸು ಒಂದು, ತಾಮ್ರದ ತಾಯತ ಒಂದು. ಕತ್ತರಿಸಿ ತೆಗೆದದ್ದನ್ನು ವಸ್ತು ಎಂದು ಬರೆಯುವುದಿಲ್ಲವಂತೆ, ಮತ್ತೆ ಬಳಸಲು ಬಾರದ್ದು ಪಟ್ಟಿಗೆ ಸೇರುವುದಿಲ್ಲ. ಸಾಮಾನಿನ ಕೋಣೆಯನ್ನು ನನ್ನೆದುರಿಗೇ ಹುಡುಕಿಸಿದರು. ಒಂದು ಡಬ್ಬಿಯ ತುಂಬಾ ಬೂಟಿನ ಲೇಸುಗಳು, ಲಾಡಿಗಳು, ಕೊರಳ ದಾರಗಳು ಇದ್ದವು. ನಾನು ನೆಲದ ಮೇಲೆ ಕೂತು ಒಂದೊಂದಾಗಿ ಬಿಡಿಸಿ ನೋಡಿದೆ. ಕಪ್ಪು ಉಡದಾರಗಳೂ ಇದ್ದವು, ಬೇರೆ ಬೇರೆ ಅವ್ವಂದಿರು ಕಟ್ಟಿದವು, ಎಲ್ಲವೂ ಒಂದು ಕಡೆ ಕತ್ತರಿಸಿದವು. ನಮ್ಮವ್ವನ ಮೂರು ಗಂಟು ಯಾವುದರಲ್ಲೂ ಇರಲಿಲ್ಲ. ಕಾಕಾ ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದರು. ಡಬ್ಬಿ ಮುಚ್ಚಿ ಎದ್ದಾಗ, ಬೇರೆ ಯಾವುದಾದರೂ ಒಂದು ಒಯ್ಯುತ್ತೀಯಾ, ಅವ್ವನಿಗೆ ಗೊತ್ತಾಗುವುದಿಲ್ಲ, ಎಂದು ಅವರು ಕೇಳಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವ್ವ ಇನ್ನೂ ಹೆದ್ದಾರಿಗೆ ಹೋಗಿ ಹಣ್ಣು ಮಾರುತ್ತಾಳೆ. ನಾನು ಜಗತ್‌ಗೆ ಹೋಗಿಬರುವ ದಾರಿಯಲ್ಲಿ ಕೆಲವು ಸಲ ಆ ಬಾಗಿಲಿಗೆ ಹೋಗಿ ಕೇಳುತ್ತೇನೆ. ಕಾಕಾ ತಲೆ ಅಲ್ಲಾಡಿಸುತ್ತಾರೆ. ತಾಯತ ನಮ್ಮ ಮನೆಯ ಜಗುಲಿಯ ಮೇಲೆ ಇದೆ. ತಮ್ಮನ ಉಡದಾರ ಇನ್ನೂ ಸಿಕ್ಕಿಲ್ಲ.